ಪ್ಲಮ್ ಮರದ ಕೆಂಪು-ಬಿಳಿ ದಾರ

ಮಾರ್ಚ್ ೧೪, ಶನಿವಾರ, ಮಧ್ಯಾಹ್ನ ೧:೪೦. ದಾನ್ಯೂಬ್ ನದಿ ದಡದ ಬ್ರೆಜೆತ್ಸ್ ಪೊಲೀಸ್ ಠಾಣೆಗೆ ಮೃಗಾಲಯದ ನಿರ್ದೇಶಕ ಲೆಚ್ಕೊವ್ ಏದುಸಿರು ಬಿಡುತ್ತ ಬಂದರು. ತಿಂದು ಬಂದಿದ್ದ ಚೀಸ್ ರೊಟ್ಟಿ ಬಾನಿತ್ಸಾದ ಪುಡಿ ಕೋಟಿನ ಮೇಲೆ ಹಾಗೇ ಇತ್ತು.

"ಹನ್ನೆರಡೂವರೆ ಹೊತ್ತಿಗೆ ನಮ್ಮ ಕೊಕ್ಕರೆ ಕಳುವಾಗಿದೆ, ಇನ್ಸ್‌ಪೆಕ್ಟರ್ ಸಾಹೇಬ್ರೇ. ಬರ್ಕೊಳ್ಳಿ. ಕದ್ದವನು ನಮ್ಮ ಕಾವಲುಗಾರ ಮಿತ್ಯೊ."

"ನೀವು ನೋಡಿದ್ರಾ?"

"ನೋಡೋದೇನು? ಬೀಗ ಒಡೆದಿಲ್ಲ. ಕೀಲಿ ಇರೋದು ಅವನ ಕೋಣೆ ಮೊಳೆ ಮೇಲೆ."

ಇನ್ಸ್‌ಪೆಕ್ಟರ್ ದೋಬ್ರಿನ್ ಕಾಲ್ಚೆವ್ ಎಫ್‌ಐಆರ್ ದಾಖಲಿಸಿದರು. ಆರೋಪಿಯ ಹೆಸರಿನ ಮುಂದೆ 'ಗೊತ್ತಿಲ್ಲ' ಎಂದು ಬರೆದರು. ನಿರ್ದೇಶಕರ ಮುಖ ಸಿಂಡರಿಸಿತು. ಸಿಂಡರಿಸಲಿ ಬಿಡಿ, ಎಫ್‌ಐಆರ್ ಇರುವುದು ಯಾರ ಮುಖ ಅರಳಿಸುವುದಕ್ಕೂ ಅಲ್ಲ.

೨:೧೫ಕ್ಕೆ ಸ್ಥಳ ಪಂಚನಾಮೆ. ಪಂಜರದ ಬೀಗ ಸರಿಯಾಗಿತ್ತು, ಕೀಲಿ ಅದರಲ್ಲೇ ನೇತಾಡುತ್ತಿತ್ತು. ಒಳಗೆ ಅರ್ಧ ತಿಂದ ಮೀನು. ರಬ್ಬರ್ ಬೂಟಿನ ಹೆಜ್ಜೆಗಳು ಜಿಂಕೆಗಳ ಆವರಣದ ಹಿಂದಿನ ದಿಣ್ಣೆ ಹತ್ತಿ, ಬೋಳು ಪ್ಲಮ್ ಮರದ ಕೆಳಗೆ ನಿಂತಿದ್ದವು. ಅಂಥ ಬೂಟು ಮೃಗಾಲಯದಲ್ಲಿ ಎಲ್ಲರಿಗೂ ಇತ್ತು.

"ಸಾರ್, ಇಲ್ಲಿ ನೋಡಿ," ಎಂದರು ಸಾರ್ಜೆಂಟ್ ಜಿವ್ಕಾ. ಕೊಂಬೆಯಲ್ಲಿ ಕೆಂಪು-ಬಿಳಿ ದಾರವೊಂದು ಕಟ್ಟಿತ್ತು.

ಕಾಲ್ಚೆವ್ ತಮ್ಮ ಮಣಿಕಟ್ಟು ನೋಡಿಕೊಂಡರು. ಅಲ್ಲೂ ಅಂಥದ್ದೇ ದಾರ. ಮಾರ್ಚ್ ಒಂದರಂದು ಊರಿಗೆ ಊರೇ ಕಟ್ಟಿಕೊಳ್ಳುತ್ತದೆ. ವರ್ಷದ ಮೊದಲ ಕೊಕ್ಕರೆಯೋ ಹೂಬಿಟ್ಟ ಮರವೋ ಕಣ್ಣಿಗೆ ಬೀಳುವ ತನಕ ಯಾರೂ ಬಿಚ್ಚುವುದಿಲ್ಲ. ಬಿಚ್ಚಿದ್ದನ್ನು ಮರಕ್ಕೆ ಕಟ್ಟುತ್ತಾರೆ. ಈ ವರ್ಷ ಹಾಳು ಚಳಿ ಬಿಟ್ಟಿರಲಿಲ್ಲ. ಎಲ್ಲೂ ಒಂದು ಮೊಗ್ಗಿಲ್ಲ, ತೆಂಕಣದಿಂದ ಒಂದು ಕೊಕ್ಕರೆಯೂ ಬಂದಿಲ್ಲ.

ಜಿವ್ಕಾ ಅದನ್ನೂ ಪಂಚನಾಮೆಗೆ ಸೇರಿಸಿದರು.

೩:೦೫ಕ್ಕೆ ಮಿತ್ಯೊನ ವಿಚಾರಣೆ. ಅವನಿಗೆ ಅರವತ್ತಮೂರು, ನಿವೃತ್ತಿಗೆ ಮೂರು ತಿಂಗಳು ಬಾಕಿ.

"ಹನ್ನೆರಡೂವರೆಗೆ ಎಲ್ಲಿದ್ದೆ?"

"ಸೂಪು ಕುಡೀತಿದ್ದೆ. ಕೋಣೆಗೆ ಬೀಗ ಹಾಕೋ ಅಭ್ಯಾಸ ನನಗಿಲ್ಲ. ಮಕ್ಕಳು ಬೂಟು ತಗೊಳ್ಳೋಕೆ ಬರ್ತಾರಲ್ಲ, ಪಾಪ."

ಮಕ್ಕಳೆಂದರೆ ಶನಿವಾರ, ಭಾನುವಾರ ಪ್ರಾಣಿಗಳ ಸೇವೆಗೆ ಬರುವ ಆರು ಮಂದಿ ಹೈಸ್ಕೂಲಿನವರು. ಸಗಣಿ ಬಾಚುವುದು, ಮೀನು ಹೆಚ್ಚುವುದು, ಎಲ್ಲ ಅವರದೇ. ಕಾಲ್ಚೆವ್ ಅವರನ್ನು ಮೇವಿನ ಕೊಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸಿದರು. ಕೈಗಳೆಲ್ಲ ಜಾಕೆಟ್ಟಿನ ಜೇಬಿನಲ್ಲಿ.

"ನೀವು ಬಾಯಿ ಬಿಡದಿದ್ರೆ ಮಿತ್ಯೊನ ಕರ್ಕೊಂಡು ಹೋಗ್ಬೇಕಾಗುತ್ತೆ," ಎಂದರು.

"ತಾತನ್ನ ಮುಟ್ಟಬೇಡಿ. ಬಿಟ್ಟಿದ್ದು ನಾನು," ಎಂದ ಉದ್ದ ಕಾಲಿನ ಪ್ಲಾಮೆನ್.

"ಇವನ ಮುಖಕ್ಕೆ! ಕೋಳಿ ಕಂಡ್ರೇ ಓಡ್ತಾನೆ. ನಾನು ಬಿಟ್ಟಿದ್ದು," ಎಂದಳು ಪಕ್ಕದವಳು.

"ನಾನು." "ನಾನು ಸಾರ್." ಆರೂ ಜನ ಅದೇ ಮಾತು, ಆರೂ ಜನ ಎದೆ ಸೆಟೆಸಿಕೊಂಡು! ಜಿವ್ಕಾ ನಗು ತಡೆಯಲಾಗದೆ ಗೋಡೆ ಕಡೆ ತಿರುಗಿದರು.

"ಸರಿ. ಎಲ್ಲರೂ ಕೈ ಹೊರಗೆ ತೆಗೀರಿ."

ಐದು ಮಣಿಕಟ್ಟುಗಳಲ್ಲಿ ದಾರವಿತ್ತು. ಕೊನೆಯಲ್ಲಿ ನಿಂತ ಹದಿನೇಳರ ರಾಲಿತ್ಸಾಳ ಕೈಯಲ್ಲಿ ಇರಲಿಲ್ಲ.

"ನಿನ್ನ ದಾರ ಎಲ್ಲಮ್ಮ?"

"ಬಿಚ್ಚಿದೆ. ಕೊಕ್ಕರೆ ನೋಡಿದೆ."

"ವಾರವಾರ ನೋಡ್ತಿದ್ದೆಯಲ್ಲ?"

"ಪಂಜರದ್ದು ಲೆಕ್ಕಕ್ಕಿಲ್ಲ. ಹಾರಿದ್ದು ನೋಡಿದೆ."

"ಬಿಚ್ಚದೇ ಇದ್ದಿದ್ರೆ ಸಿಕ್ಕಿಬೀಳ್ತಿರಲಿಲ್ಲ."

"ನಿಮ್ಮ ಹತ್ರ ಸುಳ್ಳು ಹೇಳಬಹುದು ಸಾರ್. ದಾರದ ಹತ್ರ ಹೇಳೋಕಾಗುತ್ತಾ?"

ಬಾಗಿಲಲ್ಲಿ ನಿಂತಿದ್ದ ಲೆಚ್ಕೊವ್ ಕೆರಳಿದರು. "ಪಶುವೈದ್ಯ ಕಾಲೇಜಿಗೆ ನನ್ನ ಶಿಫಾರಸು ಪತ್ರ ಬೇಕು ಅಂತಿದ್ದೆಯಲ್ಲ? ಮರೆತುಬಿಡು!"

"ಅದನ್ನ ಮರೆತ ಮೇಲೇ ಬೀಗ ತೆಗೆದಿದ್ದು."

ಆ ಪತ್ರವಿಲ್ಲದೆ ಸೀಟು ಸಿಗುವುದು ಕಷ್ಟ ಎಂದು ಕೊಟ್ಟಿಗೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳು ತಲೆ ತಗ್ಗಿಸಲಿಲ್ಲ. ೪:೧೦ಕ್ಕೆ ಬಂಧನ. ಅಪ್ರಾಪ್ತೆಯಾದ್ದರಿಂದ ತಾಯಿಗೆ ಫೋನ್ ಹೋಯಿತು. ಉಳಿದ ಐವರು ಜೀಪಿನ ಹಿಂದೆ ಠಾಣೆಯವರೆಗೂ ನಡೆದುಬಂದು ಮೆಟ್ಟಿಲ ಮೇಲೆ ಕೂತರು. ಏಳಿ ಎಂದರೆ ಏಳಲಿಲ್ಲ.

ಠಾಣೆಯಲ್ಲಿ ಅವಳ ಹೇಳಿಕೆ ಪಡೆಯಲಾಯಿತು. ಆಗಸ್ಟಿನಲ್ಲಿ ರೆಕ್ಕೆ ಮುರಿದು ಬಂದ ಹಕ್ಕಿಗೆ ಏಳು ತಿಂಗಳು ವಾರವಾರ ಮೀನು ತಿನ್ನಿಸಿದವಳು ಅವಳೇ. ಗುಣವಾದರೆ ಬಿಡುತ್ತೇವೆ ಎಂದು ಲೆಚ್ಕೊವ್ ಮಾತು ಕೊಟ್ಟಿದ್ದರು. ಗುಣವಾಗಿದೆ ಎಂಬ ಪಶುವೈದ್ಯರ ಪತ್ರವೂ ಬಂದಿತ್ತು. ಆಮೇಲೆ ಅವರಿಗೆ ಬೇರೆ ಯೋಚನೆ ಹೊಳೆಯಿತು: ಮಾರ್ಚ್ ೨೨ಕ್ಕೆ ವಸಂತೋತ್ಸವ, ಊರಿನ ಮಕ್ಕಳೆಲ್ಲ ಪಂಜರದ ಮುಂದೆ ನಿಂತು ದಾರ ಬಿಚ್ಚುವ ಕಾರ್ಯಕ್ರಮ. ಹಾರಿಹೋಗದಂತೆ ಮಾರ್ಚ್ ೧೫ರ ಭಾನುವಾರ ಬೆಳಿಗ್ಗೆ ರೆಕ್ಕೆಯ ಗರಿ ಕತ್ತರಿಸಬೇಕೆಂದು ಆದೇಶವಾಗಿತ್ತು. ಉಳಿದಿದ್ದು ಶನಿವಾರ ಒಂದೇ.

"ತಪ್ಪಾಯ್ತು ಅಂತ ಬರೀಲಾ?" ಕಾಲ್ಚೆವ್ ಕೇಳಿದರು. "ಹಗುರವಾಗುತ್ತೆ."

"ಬರೀಬೇಡಿ. ಆಗಿಲ್ಲ."

೫:೩೦ಕ್ಕೆ ಲೆಚ್ಕೊವ್ ಪಂಚನಾಮೆಗೆ ಸಹಿ ಹಾಕಲು ಬಂದರು. ಪೆನ್ನಿಗೆ ಚಾಚಿದ ಕೈಯನ್ನೇ ಜಿವ್ಕಾ ದಿಟ್ಟಿಸಿದರು.

"ಸಾರ್, ನಿಮ್ಮ ದಾರ?"

"ಬರ್ತಾ ಗಿರಣಿ ಚಿಮಣಿ ಮೇಲೆ ಕೊಕ್ಕರೆ ಕೂತಿತ್ತು. ಬೀದಿಯವರೆಲ್ಲ ಬಿಚ್ಚುತಿದ್ರು..." ಅವರು ಖಾಲಿ ಮಣಿಕಟ್ಟಿನ ಮೇಲೆ ಕೋಟಿನ ತೋಳು ಎಳೆದುಕೊಂಡರು.

"ಕಾಲಲ್ಲಿ ನಿಮ್ಮ ಮೃಗಾಲಯದ ಗುರುತಿನ ಹಸಿರು ಬಳೆ ಇತ್ತಾ?" ಜಿವ್ಕಾ ಕೇಳಿದರು.

"ಇತ್ತು," ಎಂದರು ಲೆಚ್ಕೊವ್.

ಬೆಂಚಿನಿಂದ ರಾಲಿತ್ಸಾ ಕೇಳಿದಳು: "ಹದಿಮೂರು ದಿನ ದಾರ ಕಟ್ಕೊಂಡೇ ಅದರ ಪಂಜರದ ಮುಂದೆ ಓಡಾಡಿದ್ರಲ್ಲ ಸಾರ್, ಆವಾಗ ಯಾಕೆ ಬಿಚ್ಚಲಿಲ್ಲ?"

ಪೆನ್ನು ಮೇಜಿನ ಮೇಲೆಯೇ ಉಳಿಯಿತು. ಕಾಲ್ಚೆವ್ ಕಡತ ತೆರೆದು ಉದ್ದೇಶ ಎಂಬಲ್ಲಿ ಬರೆದರು: "ಹಕ್ಕಿ ಹಾರಬಲ್ಲದು ಎಂದು ಪಶುವೈದ್ಯರು ಫೆಬ್ರವರಿ ೨೦ರಂದು ಲಿಖಿತವಾಗಿ ತಿಳಿಸಿದ್ದರು. ಅದನ್ನು ಕಾರ್ಯರೂಪಕ್ಕೆ ತಂದವಳು ಆರೋಪಿ ಒಬ್ಬಳೇ."