ಮುತ್ತಿನ ನೀರು

ಬಹಳ ಹಿಂದೆ, ಹುಲಿ ಕರಡಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹವಳದುರ್ಗವೆಂಬ ರಾಜ್ಯವಿತ್ತು. ಅಲ್ಲಿನ ರತ್ನಪೇಟೆಯಲ್ಲಿ ಬೊಮ್ಮಣ್ಣನೆಂಬ ವ್ಯಾಪಾರಿ ಅಂಗಡಿ ಇಟ್ಟುಕೊಂಡಿದ್ದ. ಅವನ ಹೆಂಡತಿ ಜಕ್ಕವ್ವೆ ಒಳಕೋಣೆಯಲ್ಲಿ ಕೂತು ಮುತ್ತು ಪೋಣಿಸುತ್ತಿದ್ದಳು. ಬೊಮ್ಮಣ್ಣ ಒಳ್ಳೆಯವನೇ. ಆದರೆ ನಗು ಬಂದರೆ ತಡೆಯಲಾರ, ಅದೊಂದೇ ಅವನ ರೋಗ.

ಒಂದು ದಿನ ಕಗ್ಗಲ್ಲನೆಂಬ ಮಾಂತ್ರಿಕ ಬೆಟ್ಟದಿಂದ ಇಳಿದು ಅಂಗಡಿಗೆ ಬಂದ.

"ನಿಮ್ಮಲ್ಲಿ ಬೆಕ್ಕಿನ ಕಣ್ಣು ಸಿಗುತ್ತದಂತೆ. ಒಂದು ತೋರಿಸು," ಅಂದ.

ಬೊಮ್ಮಣ್ಣ ಒಳ್ಳೆಯ ವೈಡೂರ್ಯವೊಂದನ್ನು ಮುಂದಿಟ್ಟ. ನಡುವೆ ಬೆಳಕಿನ ಗೆರೆ ಆಡುವ ಆ ಹರಳನ್ನು ಪೇಟೆಯವರು ಬೆಕ್ಕಿನ ಕಣ್ಣು ಎಂದೇ ಕರೆಯುತ್ತಿದ್ದರು. ಕಗ್ಗಲ್ಲ ಅದನ್ನು ಬೆರಳಲ್ಲಿ ತಿವಿದು ನೋಡಿದ.

"ಇದು ರೆಪ್ಪೆಯೇ ಬಡಿಯೋದಿಲ್ಲವಲ್ಲ?"

ಬೊಮ್ಮಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾಂತ್ರಿಕನ ಮುಖ ಕಪ್ಪಾಯಿತು. "ನಗ್ತೀಯಾ? ಹಾಗಾದರೆ ನೀನೇ ಬೆಕ್ಕಿನ ಕಣ್ಣಾಗು," ಎಂದು ಮಂತ್ರ ಹಾಕಿದ. ಬೊಮ್ಮಣ್ಣ ಕೂತಿದ್ದ ಚಾಪೆಯ ಮೇಲೆ ಒಂದು ಹರಳು ಉಳಿಯಿತು. ಕಗ್ಗಲ್ಲ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಬರೋ ಹುಣ್ಣಿಮೆಗೆ ಇವನನ್ನು ಉಂಗುರಕ್ಕೆ ಕೂರಿಸ್ತೀನಿ. ಆಮೇಲೆ ಬ್ರಹ್ಮ ಬಂದರೂ ಇವನು ಮನುಷ್ಯ ಆಗೋದಿಲ್ಲ," ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಮಾಯವಾದ.

ಜಕ್ಕವ್ವೆ ಓಡಿ ಬರುವಷ್ಟರಲ್ಲಿ ಚಾಪೆ ಬರಿದಾಗಿತ್ತು. ಅವಳು ಬಹಳ ಅತ್ತಳು. ಅತ್ತರೆ ಕಲ್ಲೂ ಕರಗುತ್ತದೆ ಅನ್ನುತ್ತಾರಲ್ಲ, ಅದು ಬರೀ ಮಾತು. ಅದು ಅವಳಿಗೂ ಗೊತ್ತಿತ್ತು. ಹಾಗಾಗಿ ಕಣ್ಣೊರೆಸಿಕೊಂಡು, ಬುತ್ತಿ ಕಟ್ಟಿ, ಎಲೆ ಅಡಿಕೆಯ ಚೀಲ ಸಿಕ್ಕಿಸಿಕೊಂಡು ಬೆಟ್ಟದ ದಾರಿ ಹಿಡಿದಳು.

ಬೆಟ್ಟದ ಮೊದಲ ಬಾಗಿಲಲ್ಲಿ ಹುಲಿ ಮಲಗಿತ್ತು.

"ಕೆಂಪು ತೋರಿಸಿದವರನ್ನು ಬಿಡ್ತೀನಿ, ತೋರಿಸದವರನ್ನು ತಿಂತೀನಿ. ಒಡೆಯನ ಅಪ್ಪಣೆ," ಅಂದಿತು.

ಜಕ್ಕವ್ವೆ ಮೂಗುಬೊಟ್ಟಿನ ಮಾಣಿಕ್ಯ ತೋರಿಸಿದಳು. ಪೇಟೆಯಲ್ಲಿ ಮಾಣಿಕ್ಯಕ್ಕೆ ಕೆಂಪು ಎಂದೇ ಹೆಸರು. ಹುಲಿ ಮೂಸಿ ನೋಡಿ, "ಇದು ಕಲ್ಲು. ಕೆಂಪೆಲ್ಲಿ?" ಎಂದು ಬಾಯಿ ತೆರೆಯಿತು. ಬೆಕ್ಕಿನ ಕಣ್ಣು ರೆಪ್ಪೆ ಬಡಿಯಲೆಂದು ಕಾದವನ ಹುಲಿಯಲ್ಲವೇ ಇದು, ಯಥಾ ರಾಜಾ ತಥಾ ಪ್ರಜಾ ಅಂದುಕೊಂಡಳು ಜಕ್ಕವ್ವೆ. ಎಲೆ, ಅಡಿಕೆ, ಸುಣ್ಣ ಸೇರಿಸಿ ಚೆನ್ನಾಗಿ ಅಗಿದು ನಾಲಿಗೆ ಚಾಚಿದಳು.

"ಹಾಂ, ಇದು ಕೆಂಪು," ಎಂದು ಹುಲಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಕರಡಿಯೊಂದು ಆರಿಹೋಗುತ್ತಿದ್ದ ದೀಪ ಹಿಡಿದು ನಿಂತಿತ್ತು. "ಹರಳು ಕೊಟ್ಟರೆ ಒಳಕ್ಕೆ ಬಿಡ್ತೀನಿ," ಅಂದಿತು. ಈ ಸಲ ಜಕ್ಕವ್ವೆ ಒಡವೆಗೆ ಕೈ ಹಾಕಲಿಲ್ಲ. ದೀಪ ನೋಡಿದಳು, ದಾರಿಬದಿಯ ಹರಳು ಗಿಡ ನೋಡಿದಳು, ಮಡಿಲು ತುಂಬ ಬೀಜ ಕಿತ್ತು ತಂದು ಸುರಿದಳು. ಕರಡಿ ಅದನ್ನು ಅಂಗೈಯಲ್ಲೇ ಹಿಂಡಿ ದೀಪಕ್ಕೆ ಎಣ್ಣೆ ಮಾಡಿಕೊಂಡಿತು.

ಮೂರನೆಯ ಬಾಗಿಲು ದಾಟಿದರೆ ಕಗ್ಗಲ್ಲನ ಹಜಾರ. ಗೋಡೆ ತುಂಬ ನೀಲ, ಪಚ್ಚೆ, ಪುಷ್ಯರಾಗ. ಒಂದೊಂದೂ ಒಬ್ಬೊಬ್ಬ ಮನುಷ್ಯ. ಮೂಲೆಯ ತಟ್ಟೆಯಲ್ಲಿ ಒಂಟಿ ವೈಡೂರ್ಯ ಕಂಡು ಜಕ್ಕವ್ವೆ ಅತ್ತ ಹೆಜ್ಜೆ ಇಟ್ಟಳು.

"ಯಾರೇ ನೀನು?"

"ನೀರು ಹೊರೋ ಕೆಲಸ ಹುಡುಕಿಕೊಂಡು ಬಂದೆ ಸ್ವಾಮಿ."

ಮಾಂತ್ರಿಕನಿಗೆ ಕೇಳಿದ ವರ ಸಿಕ್ಕಂತಾಯಿತು. ನಡುವೆ ಇದ್ದ ತಾಮ್ರದ ಕೊಡ ತೋರಿಸಿದ. ತಳದಲ್ಲಿ ಒಂದು ದುಂಡನೆಯ ಆಣಿಮುತ್ತು ಫಳಫಳ ಹೊಳೆಯುತ್ತಿತ್ತು.

"ಇದು ಯಕ್ಷಿ ಕೊಟ್ಟ ಮುತ್ತು. ಮುತ್ತಿನ ನೀರು ಇರೋ ತನಕ ನನ್ನ ಮಾಯೆ ಇರುತ್ತೆ, ನೀರು ಹೋದರೆ ಮಾಯೆಯೂ ಹೋಯಿತು ಅಂದಿದ್ದಾಳೆ. ಅದಕ್ಕೇ ನೀರಲ್ಲಿ ಮುಳುಗಿಸಿ ಇಟ್ಟಿದೀನಿ. ಕಂಠದವರೆಗೆ ತುಂಬಿರಬೇಕು, ತಿಳಿಯಿತಾ?"

ಜಕ್ಕವ್ವೆಗೆ ನಗು ಉಕ್ಕಿ ಬಂತು. ನಕ್ಕು ಕೆಟ್ಟವನು ತಟ್ಟೆಯಲ್ಲೇ ಇದ್ದನಲ್ಲ, ತುಟಿ ಕಚ್ಚಿಕೊಂಡಳು.

"ನಿಂತ ನೀರು ನಾರುತ್ತೆ ಸ್ವಾಮಿ. ದಿನಾ ನಾಲ್ಕು ನಿಂಬೆಹಣ್ಣು ಹಿಂಡಲಾ?"

"ಹಿಂಡು, ಹಿಂಡು. ಕೊಡ ಮಾತ್ರ ತುಂಬಿರಲಿ."

ಅವಳು ದಿನವೂ ನಿಂಬೆ ಹಿಂಡಿದಳು. ಅವನು ದಿನವೂ ಬೆರಳು ಅದ್ದಿ, ಕೊಡ ತುಂಬಿದೆಯೆಂದು ಖುಷಿಪಟ್ಟ. ಹುಳಿ ತಾಗಿ ತಾಗಿ ಮುತ್ತು ಮಂಕಾಗುತ್ತ ಬಂತು. ಹುಣ್ಣಿಮೆಯ ದಿನ ಅದು ಸುಣ್ಣದ ಉಂಡೆಯ ಹಾಗಿತ್ತು.

ಅಂದು ಸಂಜೆ ಕಗ್ಗಲ್ಲ ಉಂಗುರ ತಂದ. ವೈಡೂರ್ಯವನ್ನು ಅದರ ಮೇಲಿಟ್ಟು ಮಂತ್ರ ಹೇಳಿದ. ಬಂದದ್ದು ಬರೀ ಕೆಮ್ಮು. ಇನ್ನೊಮ್ಮೆ ಹೇಳಿದ, ಇನ್ನೊಮ್ಮೆ ಕೆಮ್ಮಿದ. ಅಷ್ಟರಲ್ಲಿ ಗೋಡೆಯ ನೀಲದಿಂದ ಒಬ್ಬ ಮುದುಕಿ ಇಳಿದಳು, ಪಚ್ಚೆಯಿಂದ ಒಬ್ಬ ಅಂಬಿಗ ಇಳಿದ. ಬೊಮ್ಮಣ್ಣ ಉಂಗುರದ ಪಕ್ಕದಲ್ಲೇ ಎದ್ದು ಕೂತು ಹೆಂಡತಿಯನ್ನು ನೋಡಿ ಅತ್ತುಬಿಟ್ಟ.

ಮಾಂತ್ರಿಕ ಕೊಡದ ಬಳಿ ಓಡಿದ. "ನೀರು ಕಂಠಮಟ್ಟ ಇದೆಯಲ್ಲ!"

"ಅಯ್ಯಾ," ಅಂದಳು ಜಕ್ಕವ್ವೆ, ಸಾವಧಾನವಾಗಿಯೇ, "ಮುತ್ತಿನ ನೀರು ಕೊಡದಲ್ಲಿ ಇರೋದಿಲ್ಲ, ಮುತ್ತಿನ ಮೈಮೇಲೆ ಇರುತ್ತೆ. ನಮ್ಮ ಪೇಟೆಯಲ್ಲಿ ಹೊಳಪಿಗೇ ನೀರು ಅಂತೀವಿ."

ಕಗ್ಗಲ್ಲ ನೆಲಕ್ಕೆ ಕುಸಿದ. "ಇಷ್ಟು ವರ್ಷದಲ್ಲಿ ಒಬ್ಬರಾದರೂ ನನಗೆ ಇದನ್ನು ಹೇಳಬಾರದಿತ್ತೇ?"

"ಹೇಳಬಲ್ಲವರನ್ನೆಲ್ಲ ಗೋಡೆಗೆ ಕೂರಿಸಿದ್ದೆಯಲ್ಲ, ಯಾರು ಹೇಳಬೇಕಿತ್ತು?"

ಗೋಡೆಯಿಂದ ಇಳಿದವರೆಲ್ಲ ಒಬ್ಬರ ಕೈ ಒಬ್ಬರು ಹಿಡಿದು ಬೆಟ್ಟ ಇಳಿದು ತಂತಮ್ಮ ಊರು ಸೇರಿದರು. ಬೊಮ್ಮಣ್ಣ ಜಕ್ಕವ್ವೆಯರೂ ಮನೆ ಸೇರಿ ಮಕ್ಕಳು ಮೊಮ್ಮಕ್ಕಳ ಜೊತೆ ನೆಮ್ಮದಿಯಾಗಿ ಬಾಳಿದರು. ಅವರು ಬಾಳಿದ ಹಾಗೆ ಕೇಳಿದವರೂ ಬಾಳಲಿ, ಹೇಳಿದವರಿಗೂ ಒಂದು ಲೋಟ ಪಾನಕ ಸಿಗಲಿ.