ಐತಾಸ್ ಅಂದರೆ ವಯಸ್ಸಾಯ್ತಾ

ಲ್ಯಾಟಿನ್ ಕ್ಲಾಸಿನ ಮೊದಲ ದಿನವೇ ನರ್ಸರಿಯವನು ಟೀಚರ್ ಬಾಯಿ ಮುಚ್ಚಿಸಿದ್ದ. ಗಿಡಗಳ ಲ್ಯಾಟಿನ್ ಹೆಸರು ಸರಿಯಾಗಿ ಹೇಳಲು ಕಲಿಯಬೇಕೆಂದು ಬಂದವನು. 'ಐತಾಸ್' ಎಂದರೆ ವಯಸ್ಸು, ಆಯಸ್ಸು, ಯುಗ, ಮೂರೂ ಹೌದು ಎಂದು ಅವಳು ಬೋರ್ಡಿನ ಮೇಲೆ ಬರೆದರೆ, ಹಿಂದಿನ ಬೆಂಚಿನಿಂದ ಇವನು, "ಸುಲಭ ಟೀಚರ್. ವಯಸ್ಸು ಆಯ್ತಾ ಅಂತ ನೆನಪಿಟ್ಕೋತೀನಿ" ಎಂದ. ಕ್ಲಾಸು ಗೊಳ್ಳೆಂದು ನಕ್ಕಿತು. ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಗುವಾಗ ಅವನ ಎಡಗಣ್ಣು ಒಂಚೂರು ಹೆಚ್ಚೇ ಮುಚ್ಚುತ್ತಿತ್ತು. ಅದನ್ನೇ ನೋಡುತ್ತ ನಿಂತುಬಿಟ್ಟಳು.

ಅಲ್ಲಿಂದ ಶುರುವಾಯಿತು ನೋಡಿ. ವಾರವಾರವೂ ಅವಳ ಮೇಜಿನ ಮೇಲೆ ಒಂದು ಕುಂಡ. ಒಮ್ಮೆ ಜೆರೇನಿಯಂ, ಒಮ್ಮೆ ಲ್ಯಾವೆಂಡರ್. ಅವನು ಕೊಡುವಾಗ ಬೆರಳು ತಾಗಿದರೆ ಇಬ್ಬರದೂ ಒಟ್ಟಿಗೇ "ಸಾರಿ". ನಲವತ್ತೆಂಟರ ಹೆಂಗಸು ಕಿವಿಯೋಲೆ ಬದಲಿಸಿದಳು, ಕೂದಲಿಗೆ ಬಣ್ಣ ಹಚ್ಚಿದಳು. ಅರವತ್ತಕ್ಕೆ ಅರಳು ಮರಳು ಅಂತಾರೆ, ನಿನಗೆ ಮುಂಚೆಯೇ ಬಂತಲ್ಲೇ ಎಂದು ಅವಳ ಅಕ್ಕ ಫೋನಿನಲ್ಲಿ ಹಂಗಿಸಿದಳು. ಹಂಗಿಸಲಿ ಬಿಡಿ. ಈವರೆಗೆ ಅವಳಿಗೆಂದು ಯಾರೂ ಒಂದು ಹೂ ತಂದಿರಲಿಲ್ಲ. ಈಗ ಒಬ್ಬ ತರುತ್ತಿದ್ದ, ಅವಳಿಗೆ ಆಸೆ ಹುಟ್ಟಿತ್ತು.

ಕೋರ್ಸಿನ ಕೊನೆಯ ದಿನ ಎಲ್ಲರೂ ಹೋದ ಮೇಲೆ ಅವನು ಬಾಗಿಲ ಬಳಿಯೇ ಉಳಿದ. ಕಿವಿಯೆಲ್ಲ ಕೆಂಪಾಗಿತ್ತು.

"ಒಂದು ಕೇಳ್ಬೇಕಿತ್ತು ಟೀಚರ್. ತಪ್ಪು ತಿಳ್ಕೋಬೇಡಿ. ನಿಮ್ಮ ಐತಾಸ್..."

ಅವಳು ಕೈಯಲ್ಲಿದ್ದ ಚಾಕ್ ಕೆಳಗಿಟ್ಟಳು. ಆಯಸ್ಸನ್ನೇ ಕೇಳುತ್ತಿದ್ದಾನೆ! ಇಷ್ಟು ಚೆಂದವಾಗಿ ಇನ್ಯಾರು ಕೇಳಿಯಾರು?

"ಪೂರ್ತಿ ತಗೊಳ್ಳಿ," ಎಂದಳು. "ಉಳಿದಿರೋದೆಲ್ಲ ನಿಮ್ಮದೇ."

ಅವನು ಕಕ್ಕಾಬಿಕ್ಕಿಯಾದ. "ಅಯ್ಯೋ, ಅದಲ್ಲ ಟೀಚರ್, ವಯಸ್ಸು. ನೇರವಾಗಿ ಹೇಗೆ ಕೇಳೋದು ಅಂತ ಲ್ಯಾಟಿನ್‌ನಲ್ಲಿ ಕೇಳ್ದೆ. ನಮ್ಮ ಚಿಕ್ಕಪ್ಪ ತಿಳ್ಕೊಂಡು ಬಾ ಅಂದ್ರು. ಆ ಕುಂಡಗಳೆಲ್ಲ ಅವರು ಕಳಿಸಿದ್ದು. ಚಿಕ್ಕಮ್ಮ ಹೋದ್ಮೇಲೆ ಅವರನ್ನ ನೋಡ್ಕೊಳ್ಳೋರು ಯಾರೂ ಇಲ್ಲ. ಎಪ್ಪತ್ತಾಯ್ತು, ಮಂಡಿನೋವು ಬೇರೆ. ಐವತ್ತರ ಒಳಗಿದ್ರೆ ಮದುವೆ ಆಗಬಹುದು ಅಂದಿದ್ದಾರೆ."

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ತನ್ನ ಮಾತಿನ ಅರ್ಥವನ್ನು ಅವನು ಇನ್ನೂ ಗಮನಿಸಿಲ್ಲ ಎಂಬುದೊಂದೇ ಸಮಾಧಾನ. ಅದೂ ಹೆಚ್ಚು ಹೊತ್ತು ಉಳಿಯಲಿಲ್ಲ. ಉಳಿದಿರೋದೆಲ್ಲ ನಿಮ್ಮದೇ ಎಂದದ್ದು ಯಾರಿಗೆ ಎಂಬುದು ಅವನಿಗೆ ನಿಧಾನಕ್ಕೆ ಹೊಳೆಯಿತು. ತುಟಿ ಕಚ್ಚಿ ನಗು ತಡೆದ, ಪಾಪ, ಒಳ್ಳೆಯ ಹುಡುಗ. ಆದರೆ ಎಡಗಣ್ಣು ಒಂಚೂರು ಹೆಚ್ಚೇ ಮುಚ್ಚಿತು.

ಅವಳು ಡಸ್ಟರ್ ಎತ್ತಿಕೊಂಡು ಅವನಿಗೆ ಬೆನ್ನು ಮಾಡಿ ಬೋರ್ಡು ಒರೆಸತೊಡಗಿದಳು.

"ಹಾಗಾದ್ರೆ ವಯಸ್ಸು ಎಷ್ಟಂತ ಹೇಳ್ಲಿ ಟೀಚರ್?"

"ವಯಸ್ಸಾಯ್ತು ಅಂತ ಹೇಳಿ."