ಕೋಲಿನ ತುದಿಯ ಮಿಡತೆ

"ಅಜ್ಜೀ, ಗೆಣಸು ಜಾರ್ತಾ ಇದೆ! ಇನ್ನೊಂದು ಹಗ್ಗ ಕೊಡು, ಬೇಗ!"

ಲುವಾ ದೋಣಿಯ ಸೂರಿನ ಮೇಲೆ ಕುಕ್ಕರಗಾಲಲ್ಲಿ ಕೂತು ಬಿದಿರ ಕೋಲನ್ನು ಮಂಡಿಗಳ ನಡುವೆ ಒತ್ತಿ ಹಿಡಿದಿದ್ದಳು. ಕೋಲು ಅವಳಿಗಿಂತ ಮೂರು ಪಟ್ಟು ಉದ್ದ. ತುದಿಗೆ ಕಟ್ಟಬೇಕಾಗಿದ್ದ ನಾಲ್ಕು ಗೆಣಸುಗಳಲ್ಲಿ ಒಂದು ಆಗಲೇ ಪುಳಕ್ ಎಂದು ನದಿಗೆ ಬಿದ್ದಿತ್ತು.

"ಮೀನಿಗೆ ಬೋಣಿ ಮಾಡಿದೆಯಲ್ಲೇ!" ಅಜ್ಜಿ ಕೆಳಗಿನಿಂದ ಹಗ್ಗ ಎಸೆದಳು. "ಎರಡು ಸುತ್ತು ಹಾಕು. ಜಡೆಗೆ ರಿಬ್ಬನ್ ಕಟ್ಟೋ ಹಾಗಲ್ಲ, ಬಿಗಿಯಾಗಿ."

ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಮೂರು ತಿಂಗಳ ಮೇಲೆ ಇವತ್ತು ಹೌ ನದಿಯ ಮೇಲೆ ದೋಣಿಗಳ ಸಂತೆ. ಕಾಯಿಲೆ ಬಂತೆಂದು ಶಾಲೆ ಮುಚ್ಚಿದರು, ರಸ್ತೆ ಮುಚ್ಚಿದರು, ಕೊನೆಗೆ ನದಿಯನ್ನೂ ಮುಚ್ಚಿದರು. ನದಿಯನ್ನು ಹೇಗೆ ಮುಚ್ಚುತ್ತಾರೆ ಎಂದು ಲುವಾ ಕೇಳಿದ್ದಳು. ಮುಚ್ಚಿಯೇಬಿಟ್ಟರು. ಅವರ ದೋಣಿ ಕಾಲುವೆಯ ಬಾಯಲ್ಲಿ ಒಂದೇ ಮರಕ್ಕೆ ಕಟ್ಟಿಕೊಂಡು ತೊಂಬತ್ತು ದಿನ ನಿಂತಿತ್ತು. ಅವಳ ಐದನೇ ಕ್ಲಾಸು ಅಲ್ಲೇ, ಅಜ್ಜಿಯ ಫೋನಿನಲ್ಲಿ ಶುರುವಾಯಿತು.

ಕೋಲು ನಿಲ್ಲಿಸುವುದು ಅಪ್ಪನ ಕೆಲಸ. ಆದರೆ ಅಪ್ಪ ಅಮ್ಮ ಇಬ್ಬರೂ ಫ್ಯಾಕ್ಟರಿಯ ಊರಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು, ಮುಂದಿನ ವಾರ ಬಸ್ಸು ಬಿಡುತ್ತಾರಂತೆ. ಅಜ್ಜಿಗೆ ಮಂಡಿನೋವು. ಹಾಗಾಗಿ ಈ ಸಲ ಕೋಲು ಲುವಾಳ ಪಾಲಿಗೆ ಬಂದಿತ್ತು.

ಈ ಸಂತೆಯಲ್ಲಿ ಯಾರೂ ಕೂಗಿ ಮಾರುವುದಿಲ್ಲ. ಅಷ್ಟು ಇಂಜಿನ್‌ಗಳ ಗದ್ದಲದಲ್ಲಿ ಯಾರ ಕೂಗು ಯಾರಿಗೆ ಕೇಳಬೇಕು? ಏನು ಮಾರುತ್ತೀರೋ ಅದನ್ನು ಕೋಲಿನ ತುದಿಗೆ ಕಟ್ಟಿ ಎತ್ತರಕ್ಕೆ ನಿಲ್ಲಿಸಬೇಕು. ಕುಂಬಳಕಾಯಿ ತೂಗಿದರೆ ಅದು ಕುಂಬಳಕಾಯಿಯ ದೋಣಿ. ಎಲೆಕೋಸು ತೂಗಿದರೆ ಎಲೆಕೋಸಿನದು. ತೆಂಗಿನ ಗರಿ ಕಟ್ಟಿದರೆ ಮಾತ್ರ ಅರ್ಥ ಬೇರೆ. ಇಲ್ಲಿ ದೋಣಿಯೇ ಮನೆ, ಗರಿ ಎಂದರೆ ಆ ಮನೆಯ ಸೂರು. ಅದನ್ನು ಕಟ್ಟಿದ್ದಾರೆ ಎಂದರೆ ದೋಣಿಯನ್ನೇ ಮಾರುತ್ತಿದ್ದಾರೆ, ನದಿ ಬಿಟ್ಟು ಹೋಗುತ್ತಿದ್ದಾರೆ ಎಂದು ಲೆಕ್ಕ.

ಒಂದು ವಾರದಿಂದ ಲುವಾಳನ್ನು ಕಾಡುತ್ತಿದ್ದುದು ಆ ಗರಿಯೇ.

ಹೋದ ವಾರ ಅಕ್ಕಿ ಕೊಡಲು ಬಂದಿದ್ದ, ಎಲೆಕೋಸು ಮಾರುವ ಬಾಯ್ ಮಾಮ ಅಜ್ಜಿಯ ಹತ್ತಿರ ಹೇಳಿದ್ದ: "ಮೇಲಿನ ತಿರುವಲ್ಲಿ ಒಂದು ಅನಾನಸ್ ದೋಣಿ ನಿಂತಿತ್ತು ಕಣಮ್ಮ. ಕೋಲಲ್ಲಿ ತೆಂಗಿನ ಗರಿ. ಯಾರದೋ, ದೂರದಿಂದ ಗೊತ್ತಾಗ್ಲಿಲ್ಲ."

ಸೆನ್‌ಳ ಅಪ್ಪ ಅನಾನಸ್ ಮಾರುತ್ತಿದ್ದರು. ಸೆನ್ ಎಂದರೆ ಲುವಾಳ ಜೀವದ ಗೆಳತಿ. ಇಬ್ಬರ ದೋಣಿಗಳೂ ಯಾವಾಗಲೂ ಅಕ್ಕಪಕ್ಕ. ಮೂರು ವಾರದಿಂದ ಆನ್‌ಲೈನ್ ಕ್ಲಾಸಿನಲ್ಲಿ ಸೆನ್ ಇಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್.

"ಅಜ್ಜೀ, ಮಂಜಲ್ಲಿ ನಮ್ಮ ದೋಣಿ ಸೆನ್‌ಗೆ ಕಾಣುತ್ತಾ?"

"ಬರೋದಿದ್ರೆ ಕಾಣುತ್ತೆ."

ಇದು ಲುವಾಳಿಗೆ ಸಮಾಧಾನ ಕೊಡಲಿಲ್ಲ. ಗೆಣಸಿನ ದೋಣಿಗಳು ಹತ್ತಾರು ಇರುತ್ತವೆ, ಗೆಣಸುಗಳೆಲ್ಲ ಒಂದೇ ಥರ. ಇದು ಲುವಾಳದ್ದೇ ಎಂದು ಸೆನ್‌ಗೆ ದೂರದಿಂದ ಗೊತ್ತಾಗಬೇಕಲ್ಲ! ಆಗ ಅವಳಿಗೆ ಮಿಡತೆ ನೆನಪಾಯಿತು. ಎಳೆ ತೆಂಗಿನೆಲೆಯಲ್ಲಿ ಮಿಡತೆ ಹೆಣೆಯುವುದನ್ನು ಕಲಿಸಿದ್ದೇ ಸೆನ್. ಸೂರಿನ ಮೇಲೆ ನೆರಳಿಗೆಂದು ಹಾಸಿದ್ದ ಹಸಿ ಗರಿಯಿಂದ ಲುವಾ ಎಲೆಗಳನ್ನು ಕಿತ್ತಳು. ಬೆರಳಷ್ಟು ಮಿಡತೆ ಯಾರಿಗೆ ಕಾಣುತ್ತದೆ? ತನ್ನ ತೋಳಿನಷ್ಟು ದೊಡ್ಡದನ್ನೇ ಹೆಣೆದಳು. ಮೀಸೆಗಳು ಗಾಳಿಗೆ ಹಾರಾಡಲಿ ಎಂದು ಆರು ಉದ್ದದ ಎಲೆಗಳನ್ನು ಹಾಗೆಯೇ ಇಳಿಬಿಟ್ಟಳು. ಗೆಣಸಿನ ಮೇಲೆ ಅದನ್ನು ಕಟ್ಟಿ, ಹಲ್ಲು ಕಚ್ಚಿ ಕೋಲನ್ನು ಎತ್ತಿ ನಿಲ್ಲಿಸಿದಳು.

ಕೆಳಗೆ ಅಜ್ಜಿ ಗೆಣಸು ಆರಿಸುವುದರಲ್ಲಿ ಮುಳುಗಿದ್ದಳು. ತಲೆ ಎತ್ತಿ ನೋಡಲಿಲ್ಲ.

ಬೆಳಕು ಬಂತು, ಆದರೆ ನದಿ ಬರಲಿಲ್ಲ. ರಾತ್ರಿಯ ಮಳೆಗೆ ಎದ್ದ ಮಂಜು ನೀರಿನ ಮೇಲೆ ಕಂಬಳಿಯ ಹಾಗೆ ಮಲಗಿತ್ತು. ಎಲ್ಲೋ ಒಂದು ಇಂಜಿನ್ ಟಕಟಕ ಅನ್ನುವುದು, ನಿಲ್ಲುವುದು. ಬೇರೇನೂ ಇಲ್ಲ. ಯಾರೂ ಬಂದಿಲ್ಲ, ಎಲ್ಲರೂ ಹೊರಟುಹೋಗಿದ್ದಾರೆ ಎಂದು ಲುವಾಳಿಗೆ ಅನ್ನಿಸಿತು.

ಆಗ ಮಂಜಿನ ಮೇಲೆ ಒಂದು ಕುಂಬಳಕಾಯಿ ಕಾಣಿಸಿತು.

ದೋಣಿ ಇಲ್ಲ, ಜನ ಇಲ್ಲ. ಕುಂಬಳಕಾಯಿ ಒಂದೇ ಗಾಳಿಯಲ್ಲಿ ತೇಲುತ್ತ ಬರುತ್ತಿತ್ತು. ಅದರ ಹಿಂದೆ ಎರಡು ಎಲೆಕೋಸು. ಆಮೇಲೆ ಈರುಳ್ಳಿಯ ಗೊಂಚಲು, ಮೂಲಂಗಿ, ಒಂದು ಕಲ್ಲಂಗಡಿ. ಆ ಕಡೆಯಿಂದ ಹತ್ತು, ಈ ಕಡೆಯಿಂದ ಹತ್ತು. ಆಕಾಶದಲ್ಲೇ ತರಕಾರಿ ಬೆಳೆದ ಹಾಗೆ! ಲುವಾ ಬಾಯಿ ತೆರೆದು ನಿಂತುಬಿಟ್ಟಳು. ಹುಟ್ಟಿದಾಗಿನಿಂದ ಇದೇ ಸಂತೆಯಲ್ಲಿದ್ದರೂ ಅವಳು ಇದನ್ನು ಯಾವತ್ತೂ ನೋಡಿರಲಿಲ್ಲ. ನೋಡಿದ್ದಿರಬೇಕು, ಆದರೆ ಹೀಗೆ ನೋಡಿರಲಿಲ್ಲ.

ಮಂಜು ಸ್ವಲ್ಪ ಸರಿದಾಗ ಕೆಂಪು ಮೂತಿಯ ದೋಣಿಗಳು ಒಂದೊಂದಾಗಿ ಹೊರಬಂದವು. ಪ್ರತಿ ಮೂತಿಯಲ್ಲೂ ಬರೆದ ಎರಡು ದೊಡ್ಡ ಕಣ್ಣು. ಮೂತಿಯ ಹಿಂದೆ ನಿಂತವರೆಲ್ಲ ಮಾಸ್ಕ್ ಹಾಕಿದ್ದರು, ಅವರದ್ದೂ ಕಣ್ಣು ಮಾತ್ರ ಕಾಣುತ್ತಿತ್ತು. ಅಷ್ಟೂ ಕಣ್ಣುಗಳು ಲುವಾಳ ಕಡೆಗೇ ನೋಡುತ್ತಿದ್ದವು.

ಅನಾನಸ್ ಇದೆಯೇ ಎಂದು ಅವಳು ಒಂದೊಂದೇ ಕೋಲನ್ನು ಹುಡುಕಿದಳು. ಇರಲಿಲ್ಲ.

ವಿಚಿತ್ರವೆಂದರೆ, ದೋಣಿಗಳು ತಮ್ಮ ತಮ್ಮ ಜಾಗಕ್ಕೆ ಹೋಗುವ ಬದಲು ನೇರ ಇವರ ಹತ್ತಿರವೇ ಬರುತ್ತಿದ್ದವು.

ಮೊದಲು ಬಂದವಳು ಕಾಫಿ ಮಾರುವ ತಾಮ್ ಅತ್ತೆ. ಅವಳ ಪುಟ್ಟ ದೋಣಿ ಇವರ ದೋಣಿಗೆ ಧಡ್ ಎಂದು ಗುದ್ದಿತು.

"ಏನಮ್ಮಾ ಇದು? ಹೇಳದೆ ಕೇಳದೆ ಹೊರಟೇಬಿಟ್ರಾ?" ತಾಮ್ ಅತ್ತೆಯ ದನಿ ನಡುಗುತ್ತಿತ್ತು. "ನಿಮಗೆ ನಾನು ಇಪ್ಪತ್ತು ವರ್ಷ ಕಾಫಿ ಕೊಟ್ಟಿಲ್ವಾ?"

"ನಾನೆಲ್ಲಿಗೆ ಹೊರಟೆ? ಯಾರು ಹೊರಟ್ರು?" ಅಜ್ಜಿ ಗೆಣಸು ಹಿಡಿದುಕೊಂಡೇ ಎದ್ದಳು.

ಅಷ್ಟರಲ್ಲಿ ಅಪರಿಚಿತನೊಬ್ಬ ಇವರ ದೋಣಿಯ ಮೂತಿಯನ್ನು ಕೈಯಿಂದ ತಟ್ಟಿ ನೋಡಿದ. "ಮರ ಗಟ್ಟಿ ಇದೆ. ಎಷ್ಟಕ್ಕೆ ಕೊಡ್ತೀರಿ ಅಜ್ಜಿ?"

"ಗೆಣಸಾ?"

"ದೋಣಿ."

"ನನ್ನ ದೋಣಿನಾ?" ಅಜ್ಜಿ ಸೊಂಟಕ್ಕೆ ಕೈಯಿಟ್ಟಳು. "ಬೆಳಗ್ಗೆ ಬೆಳಗ್ಗೆ ತಮಾಷೆನಾ? ನನ್ನನ್ನೂ ಸೇರಿಸಿ ಕೊಂಡ್ಕೋ. ಮಂಡಿನೋವು ಫ್ರೀ!"

"ತೆಂಗಿನ ಗರಿ ಕಟ್ಟಿದೀರಲ್ಲಮ್ಮ!" ಬಾಯ್ ಮಾಮ ತನ್ನ ಎಲೆಕೋಸಿನ ದೋಣಿಯಿಂದ ಕೂಗಿದ. "ಹೋದ ವಾರ ಅಷ್ಟು ಹೊತ್ತು ಮಾತಾಡಿದ್ರಿ, ನನಗೆ ಒಂದು ಮಾತು ಹೇಳಬಾರದಾಗಿತ್ತಾ?"

ಅಜ್ಜಿ ನಿಧಾನವಾಗಿ ತಲೆ ಎತ್ತಿದಳು. ಎಲ್ಲರೂ ಎತ್ತಿದರು. ಮೇಲೆ, ಗೆಣಸಿನ ನೆತ್ತಿಯಲ್ಲಿ, ಹಸಿರು ಮೀಸೆಗಳು ಪಟಪಟ ಹಾರುತ್ತಿದ್ದವು. ಅಷ್ಟು ದೂರದಿಂದ ಅದು ಮಿಡತೆಯಾಗಿ ಕಾಣುವುದಕ್ಕೆ ಸಾಧ್ಯವೇ ಇರಲಿಲ್ಲ.

ಲುವಾಳ ಕಿವಿ ಬಿಸಿಯಾಯಿತು. ಗರಿ ಕಟ್ಟಬಾರದು ಎಂದು ಅವಳಿಗೆ ಗೊತ್ತಿಲ್ಲವೇ? ಆದರೆ ತಾನು ಕಟ್ಟುತ್ತಿರುವುದೂ ಗರಿಯೇ ಎಂದು ಒಂದು ಸಲವೂ ಹೊಳೆದಿರಲಿಲ್ಲ.

"ಅದು... ಅದು ಗರಿ ಅಲ್ಲ. ಮಿಡತೆ."

"ಏನು?"

"ಮಿಡತೆ!" ಲುವಾ ಅಳುವ ದನಿಯಲ್ಲಿ ಕಿರುಚಿದಳು. "ಸೆನ್‌ಗೆ ನಾನು ಕಾಣ್ಲಿ ಅಂತ!"

ಬಾಯ್ ಮಾಮ ಮಾಸ್ಕಿನೊಳಗೆ ಎಷ್ಟು ನಕ್ಕನೆಂದರೆ ಅವನ ದೋಣಿಯೂ ಅಲ್ಲಾಡಿತು. ತಾಮ್ ಅತ್ತೆ ನಗಲಿಲ್ಲ. ಕಣ್ಣೊರೆಸಿಕೊಂಡು, "ಬಡೀಬೇಕು ಈ ಹುಡುಗಿಗೆ, ನನ್ನ ಎದೆ ಒಡೆಸಿಬಿಟ್ಲು," ಎಂದು ಬೈಯುತ್ತಲೇ ಅಜ್ಜಿಗೊಂದು ಕಾಫಿ ದಾಟಿಸಿದಳು.

"ಇಳಿಸೇ ಅದನ್ನ," ಎಂದಳು ಅಜ್ಜಿ. "ಮಧ್ಯಾಹ್ನದೊಳಗೆ ನಮ್ಮನ್ನ ಮಾರಿಬಿಡ್ತಾರೆ."

ಲುವಾ ಕೋಲಿನ ಬುಡ ಸಡಿಲಿಸಲು ಬಗ್ಗಿದಳು. ಆಗಲೇ ಮಂಜಿನೊಳಗಿಂದ ಒಂದು ಇಂಜಿನ್ ಅರಚಿಕೊಂಡು ಬರುವುದು ಕೇಳಿಸಿತು. ಸಂತೆಯ ನಡುವೆ ಯಾರೂ ಅಷ್ಟು ಜೋರಾಗಿ ಬರುವುದಿಲ್ಲ. ಅಲೆಗೆ ಎಲ್ಲ ದೋಣಿಗಳೂ ತೂಗಾಡಿದವು, ಎಲ್ಲರೂ ಬೈದರು. ಕೋಲಿನ ತುದಿ ಮೊದಲು ಕಾಣಿಸಿತು. ಮೂರು ಅನಾನಸ್!

"ಲುವಾ! ಲುವಾ! ಮಾರಬೇಡ್ರೇ! ಅಜ್ಜೀ, ದೋಣಿ ಮಾರಬೇಡಿ!"

ಮೂತಿಯ ಮೇಲೆ ಸೆನ್ ನಿಂತಿದ್ದಳು. ಮಾಸ್ಕ್ ಗಲ್ಲಕ್ಕೆ ಜಾರಿತ್ತು, ಮುಖವೆಲ್ಲ ಕಣ್ಣೀರು. ದೋಣಿಗಳು ತಗಲುವ ಮೊದಲೇ ಅವಳು ಈಚೆ ಹಾರಿದಳು.

"ನೀನೇ ಹೋದೆ ಅಂದ್ಕೊಂಡಿದ್ದೆ!" ಎಂದಳು ಲುವಾ.

"ಫೋನ್ ನೀರಿಗೆ ಬಿತ್ತು ಕಣೇ. ನಾನೆಲ್ಲಿಗೆ ಹೋಗ್ಲಿ? ನೀನೇ ಗರಿ ಕಟ್ಟಿದೀಯ!"

"ಸರಿಯಾಗಿ ನೋಡೇ, ಅದು ಮಿಡತೆ!"

ಸೆನ್ ಕತ್ತೆತ್ತಿ ನೋಡಿದಳು. ಮೂಗು ಒರೆಸಿಕೊಂಡಳು. "ಕಾಲು ತಪ್ಪಾಗಿ ಹೆಣೆದಿದೀಯ," ಎಂದಳು.

ಸೂರಿನ ಮೇಲೆ ಇಬ್ಬರೂ ಸೇರಿ ಕೋಲನ್ನು ಇಳಿಸಿದರು, ಮಿಡತೆಯನ್ನು ಬಿಚ್ಚಿದರು, ಗೆಣಸನ್ನು ಮತ್ತೆ ಏರಿಸಿದರು.

"ಹಾಗಾದ್ರೆ ಬಾಯ್ ಮಾಮ ನೋಡಿದ ಅನಾನಸ್ ದೋಣಿ?" ಲುವಾ ಕೇಳಿದಳು.

"ಅದು ನಮ್ಮ ದೊಡ್ಡಪ್ಪಂದು," ಸೆನ್ ಮಿಡತೆಯ ಕಾಲನ್ನು ಬಿಚ್ಚುತ್ತ ಹೇಳಿದಳು. "ಮಾರಿಬಿಟ್ರು. ಈಗ ಅಲ್ಲೆಲ್ಲೋ ಇಟ್ಟಿಗೆ ಗೂಡಲ್ಲಿ ಕೆಲಸ. ನಾನು ದಿನಾ ನೋಡ್ತೀನಿ, ಕೊಂಡ್ಕೊಂಡವರು ಅದನ್ನ ಈ ಕಡೆ ತರ್ತಾರೇನೋ ಅಂತ."

ಲುವಾ ಸುತ್ತ ನೋಡಿದಳು. ಬಾಯ್ ಮಾಮ ಗಿರಾಕಿಗಳ ದೋಣಿಗೆ ಎಲೆಕೋಸು ಎಸೆಯುವ ನಡುವೆ ಒಮ್ಮೊಮ್ಮೆ ತಲೆ ಎತ್ತುತ್ತಿದ್ದ. ತಾಮ್ ಅತ್ತೆ ಲೋಟಕ್ಕೆ ಐಸ್ ಹಾಕುತ್ತ, ಲೋಟ ನೋಡದೆ ದೂರಕ್ಕೆ ನೋಡುತ್ತಿದ್ದಳು. ಅಜ್ಜಿಯೂ ಅಷ್ಟೇ. ಯಾರು ಬಂದರು, ಯಾರು ಬರಲಿಲ್ಲ ಎಂದು ಬೆಳಗಿನಿಂದ ಕೋಲುಗಳನ್ನು ಎಣಿಸುತ್ತಿರುವವಳು ತಾನೊಬ್ಬಳೇ ಎಂದು ಲುವಾ ಅಂದುಕೊಂಡಿದ್ದಳು.

"ಸೆನ್ ಬಂದ್ಲಲ್ಲ," ಅಜ್ಜಿ ಕೆಳಗಿನಿಂದ ಕೇಳಿದಳು. "ಇನ್ನೂ ಯಾಕೆ ಮೇಲೆ ಕೂತಿದೀರಿ? ಗೆಣಸು ಆರಿಸೋರು ಯಾರು?"

"ಒಂದು ನಿಮಿಷ ಅಜ್ಜಿ. ಯಾರೋ ಬರ್ತಾ ಇದಾರೆ."

ದೂರದ ತಿರುವಿನಲ್ಲಿ ಮಂಜಿನ ಮೇಲೆ ಇನ್ನೊಂದು ಕೋಲು ಎದ್ದಿತ್ತು. ತುದಿಯಲ್ಲಿ ಏನೋ ಹಸಿರು. ಏನೆಂದು ಇನ್ನೂ ತಿಳಿಯುತ್ತಿರಲಿಲ್ಲ. ಗೆಳತಿಯರಿಬ್ಬರೂ ಎದ್ದು ನಿಂತರು. ಕೆಳಗೆ ಒಂದೊಂದೇ ಇಂಜಿನ್ ನಿಂತಿತು. ಬಾಯ್ ಮಾಮನ ಕೈಯಲ್ಲಿ ಎಲೆಕೋಸು ಹಾಗೆಯೇ ಉಳಿಯಿತು. ಅಜ್ಜಿ ಸೂರನ್ನು ಹಿಡಿದುಕೊಂಡು, ಮಂಡಿನೋವನ್ನೂ ಮರೆತು, ಮೂತಿಯ ಹತ್ತಿರ ಬಂದಳು. ಕೋಲು ತೂಗುತ್ತ, ಮರೆಯಾಗುತ್ತ, ಮತ್ತೆ ಕಾಣುತ್ತ ಹತ್ತಿರ ಬಂತು.

"ಬಾಳೆಕಾಯಿ!" ಲುವಾ ಮೇಲಿನಿಂದ ಕೂಗಿದಳು. "ಬಾಳೆಕಾಯಿ! ಬಾಳೆಕಾಯಿ!"

ಯಾರ ದೋಣಿಯೋ ಅವಳಿಗೆ ಗೊತ್ತಿರಲಿಲ್ಲ. ಆದರೂ ಅವಳು ಎರಡೂ ಕೈ ಎತ್ತಿ ಬೀಸುತ್ತಿದ್ದಳು.